ಡಾ. ಕೆ. ಎಸ್. ಮಣಿ ಅವರ ಅಪಸ್ಮಾರ ಸಂಶೋಧನೆ: ಉಲ್ಲೇಖಗಳ ಎಣಿಕೆ ಹಾಗೂ ಸ್ನಾನದ ಆಚರಣೆ

ವಿಜ್ಞಾನಿಯೊಬ್ಬರ ಲೇಖನಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದರಿಂದ ಅವರ ಸಾಧನೆಯನ್ನು ಅಳೆಯುವ ಪದ್ಧತಿ, ಯೂಜೀನ್ ಗಾರ್ಫೀಲ್ಡ್ ಅವರು 1964ರಲ್ಲಿ ವಿಜ್ಞಾನ ಉಲ್ಲೇಖಸೂಚಿಯನ್ನು ಹೊರತಂದ ಬಳಿಕ ಬೇರೂರಿತು. ಲೇಖನವೊಂದು ಎಲ್ಲೆಲ್ಲಿಗೆ ತಲುಪಿತೆಂಬುದು ಈ ಎಣಿಕೆಯಿಂದ ತಿಳಿಯುತ್ತದೆ. ಅದರ ಸಾಮಗ್ರಿ ಯಾವ ಜನಜೀವನದಿಂದ ಬಂದಿತೆಂಬುದು ತಿಳಿಯದು. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರ ಅಪಸ್ಮಾರ ಸಂಶೋಧನೆಯನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಬಯಸುತ್ತೇವೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಕುಟುಂಬಗಳ ನಡುವೆ ಕ್ಷೇತ್ರಕಾರ್ಯ ಮಾಡುವ ಹೊರನಾಡ ಸಂಶೋಧಕರಿಗೂ ಇದು ಪ್ರಸ್ತುತವೆಂದು ನಮ್ಮ ಭಾವನೆ.

ಬಿಸಿನೀರಿನ ಸ್ನಾನದಿಂದ ಮೂರ್ಛೆ ಬರುವ ಪ್ರಕರಣವನ್ನು 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯರು ವರದಿ ಮಾಡಿದ್ದರು. ಅಲ್ಲಿ ಅದು ಅಪರೂಪದ ಸಂಗತಿಯಾಗಿಯೇ ಉಳಿಯಿತು. 1968ರಲ್ಲಿ ಮಣಿ ಹಾಗೂ ಸಹೋದ್ಯೋಗಿಗಳು 'ನ್ಯೂರಾಲಜಿ ಇಂಡಿಯಾ' ಪತ್ರಿಕೆಯಲ್ಲಿ ಇದನ್ನು ಪ್ರತಿವರ್ತನ ಅಪಸ್ಮಾರದ ಒಂದು ವಿಶಿಷ್ಟ ಬಗೆಯೆಂದು ಪ್ರಾಥಮಿಕವಾಗಿ ನಿರೂಪಿಸಿದರು. 1974ರಲ್ಲಿ ಅಮೆರಿಕದ ನರರೋಗ ಸಂಘದ ಸಂಪುಟದಲ್ಲಿ 108 ರೋಗಿಗಳ ಲಕ್ಷಣಗಳನ್ನೂ ಮಿದುಳಿನ ವಿದ್ಯುತ್ ಲೇಖಗಳನ್ನೂ ಮುಂದಿಟ್ಟರು. ಬಿಡಿ ಪ್ರಕರಣವೆನಿಸಿದ್ದುದು ಹೀಗೆ ಒಂದು ಪ್ರದೇಶದ ರೋಗವಾಗಿ ಗುರುತಿಸಲ್ಪಟ್ಟಿತು. ಮುಂದೆ ನಿಮ್ಹಾನ್ಸ್ ಸಂಸ್ಥೆಯ ನಿರ್ದೇಶಕರಾದ ಡಾ. ಪಿ. ಸತೀಶ್ಚಂದ್ರ ಹಾಗೂ ಸಂಗಡಿಗರು 1988ರಲ್ಲಿ 'ಎಪಿಲೆಪ್ಸಿಯಾ' ಪತ್ರಿಕೆಯಲ್ಲಿ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. 2001ರಲ್ಲಿ ಅಂತರರಾಷ್ಟ್ರೀಯ ಅಪಸ್ಮಾರ ಸಂಘಟನೆಯ ವರ್ಗೀಕರಣ ಪ್ರಸ್ತಾವವು ಪ್ರಚೋದಕಗಳ ಪಟ್ಟಿಯಲ್ಲಿ ಬಿಸಿನೀರನ್ನೂ ಸೇರಿಸಿತು.

ಇಲ್ಲಿ ಗಮನಾರ್ಹವಾದ ಅಂಶವೆಂದರೆ, ಈ ವೈದ್ಯರ ಶೋಧಕ್ಕೆ ಆಧಾರವಾದುದು ಸ್ನಾನದ ರೀತಿ. ನಮ್ಮ ಕಡೆ ತಲೆಗೆ ಸ್ನಾನ ದಿನನಿತ್ಯದ ಕ್ರಮವಲ್ಲ; ಕೆಲವು ದಿನಗಳಿಗೊಮ್ಮೆ, ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ತಲೆಯ ಮೇಲೆ ಬೇಗಬೇಗನೆ ಸುರಿದುಕೊಳ್ಳುವುದು ರೂಢಿ. ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಸಲ್ಲುವ ಪೂಜೆಯನ್ನು ಬಲ್ಲವರಿಗೆ ಈ ಸ್ನಾನದ ಮಹತ್ವವನ್ನು ವಿವರಿಸಬೇಕಿಲ್ಲ. ತಲೆಯ ಮೇಲೆ ನೀರು ಸುರಿದುಕೊಳ್ಳುವ ರೂಢಿಯಿರುವ ಟರ್ಕಿಯಿಂದಲೂ ಇಂತಹ ಪ್ರಕರಣಗಳು ವರದಿಯಾಗಿವೆ.

ಆದರೆ ರೂಢಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ದೀಪಾವಳಿಯ ಅಭ್ಯಂಗಸ್ನಾನ ಮಹಾರಾಷ್ಟ್ರದಲ್ಲಿಯೂ ಇದೆ. ಆದರೂ ಭಾರತದ ವರದಿಗಳಲ್ಲಿ ಬಹುಪಾಲು ದಕ್ಷಿಣದವು, ಅದರಲ್ಲಿಯೂ ಕರ್ನಾಟಕದವು. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ತೊಂದರೆ ಕಂಡುಬಂದುದು ಆನುವಂಶಿಕತೆಯತ್ತ ಬೆರಳು ತೋರಿತು. 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಹಾಗೂ ನಿಮ್ಹಾನ್ಸ್ ವೈದ್ಯರು ಇಂತಹ ಕುಟುಂಬಗಳನ್ನು ಅಭ್ಯಸಿಸಿ, 4ನೆಯ ಮತ್ತು 10ನೆಯ ವರ್ಣತಂತುಗಳಲ್ಲಿ ಸಂಬಂಧಿತ ಭಾಗಗಳನ್ನು ಗುರುತಿಸಿದರು.

ಮಣಿ ಅವರ ಕಾರ್ಯ ಆಸ್ಪತ್ರೆಗೆ ಸೀಮಿತವಾಗಿರಲಿಲ್ಲ. ಆಗ ಮೈಸೂರು ಜಿಲ್ಲೆಗೆ ಸೇರಿದ್ದು, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿರುವ ಯಳಂದೂರಿನಲ್ಲಿ ಅವರ ತಂಡ 64,963 ಜನರಿದ್ದ ಸಮುದಾಯವನ್ನು ಸಮೀಕ್ಷಿಸಿತು. ಸಾವಿರಕ್ಕೆ 4.63ರ ಪ್ರಮಾಣದಲ್ಲಿ ಅಪಸ್ಮಾರ ಇರುವುದು ಕಂಡುಬಂದಿತು. ಫಿನೊಬಾರ್ಬಿಟಾಲ್, ಫೆನಿಟಾಯಿನ್‌ಗಳಂತಹ ಅಗ್ಗದ ಔಷಧಗಳಿಂದ ಹಳ್ಳಿಯಲ್ಲಿಯೇ ರೋಗವನ್ನು ಹತೋಟಿಗೆ ತರಬಹುದೆಂಬ ಫಲಿತಾಂಶ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇತರ ಲೇಖಕರ ಉಲ್ಲೇಖಗಳು ಸೂಚಿಯಲ್ಲಿ ಸೇರುತ್ತವೆ. ಗುಳಿಗೆಯಿಂದ ಮೂರ್ಛೆ ನಿಂತು ಹೊಲಕ್ಕೆ ಮರಳಿದ ರೋಗಿ ಸೇರುವುದಿಲ್ಲ.

ಈ ಹಿನ್ನೆಲೆಯಲ್ಲಿ ಠಾಣೆಯಿಂದ ನವಿ ಮುಂಬಯಿಯವರೆಗಿನ ಕನ್ನಡ ವಸತಿಗಳನ್ನು ನೋಡಬೇಕು. ಊರು ಬಿಟ್ಟ ಕುಟುಂಬ ತನ್ನ ನುಡಿಯೊಡನೆ ಸ್ನಾನದ ರೂಢಿಯನ್ನೂ ರಕ್ತಸಂಬಂಧವನ್ನೂ ಕೊಂಡೊಯ್ಯುತ್ತದೆ. ಫ್ಲ್ಯಾಟಿನ ಬಚ್ಚಲಲ್ಲಿ ಹಂಡೆಯ ಬದಲು ಗೀಸರು, ಚೊಂಬಿನ ಬದಲು ಮಗ್ಗು ಅಥವಾ ಷವರು ಬಂದಾಗ ಎಣ್ಣೆಸ್ನಾನದ ಕ್ರಮದಲ್ಲಿ ಏನು ಉಳಿಯಿತು, ಏನು ಬದಲಾಯಿತು ಎಂಬುದನ್ನು ದಾಖಲಿಸುವುದು ಜಾನಪದ ಸಂಶೋಧಕರ ಕೆಲಸ. ಅದರ ಪ್ರಯೋಜನ ವೈದ್ಯರಿಗೂ ಉಂಟು. ಬಚ್ಚಲಲ್ಲಿ ಎಚ್ಚರದಪ್ಪಿದ ಮಗುವಿನ ತಾಯಿಯನ್ನು ಸ್ನಾನದ ರೀತಿಯ ಬಗೆಗೆ ಕೇಳದಿದ್ದರೆ, ರೋಗದ ಹೆಸರು ಹೊಳೆಯದೆ ಹೋಗಬಹುದು. ಕೇಳಿ ತಿಳಿದರೆ, ಉಗುರುಬೆಚ್ಚಗಿನ ನೀರೇ ಅನೇಕರಿಗೆ ಮೊದಲ ಪರಿಹಾರ. ಕೆಲವರಿಗೆ ಸ್ನಾನಕ್ಕೆ ಮುಂಚೆ ಕೊಡುವ ಕ್ಲೋಬಜಾಮ್‌ನಂತಹ ಔಷಧವೂ ಬೇಕಾಗುತ್ತದೆ.

ವೈದ್ಯಕೀಯದ ಇತಿಹಾಸವನ್ನು ವೈದ್ಯರೇ ಬರೆಯಲಿ ಎಂದು ಕನ್ನಡ ಅಧ್ಯಯನ ದೂರ ನಿಲ್ಲುವುದು ಉಚಿತವಲ್ಲ. ಮಣಿ ಅವರ ಲೇಖನಗಳು ವಿದೇಶೀ ಪತ್ರಿಕೆಗಳಲ್ಲಿ ಉಲ್ಲೇಖಗೊಂಡುದು ಹೆಮ್ಮೆಯ ವಿಷಯ. ಆ ಲೇಖನಗಳಿಗೆ ಸಾಮಗ್ರಿಯನ್ನೊದಗಿಸಿದ ಬಚ್ಚಲುಮನೆಯ ಆಚಾರವನ್ನು ವಿವರವಾಗಿ ದಾಖಲಿಸುವ ಹೊಣೆ ಮಾತ್ರ ನಮ್ಮದು.