ಏಪ್ರಿಲ್ 16ರ ಲೆಕ್ಕ

ಲೆಕ್ಕಪತ್ರದ ಕೆಲಸದಲ್ಲಿರುವವರಿಗೆ ಅಮೆರಿಕದಲ್ಲಿ ವಸಂತ ಬರುವುದು ಚೆರ್ರಿ ಹೂವಿನಿಂದಲ್ಲ, ಏಪ್ರಿಲ್ 15ರಿಂದ. ಆದಾಯ ತೆರಿಗೆಯ ವಿವರ ಸಲ್ಲಿಸಲು ಅದು ಕೊನೆಯ ದಿನ. ಶಿವಮೊಗ್ಗದಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ ಈ ದೇಶಕ್ಕೆ ಬಂದ ನಾನು ಮೊದಲು ಅಟ್ಲಾಂಟದಲ್ಲಿ, ಆಮೇಲೆ ಉತ್ತರ ಕ್ಯಾರೊಲೈನಾದ ಶಾರ್ಲಟ್‌ನಲ್ಲಿ ಇದ್ದು, 2016ರ ಆರಂಭದಲ್ಲಿ ವಾಷಿಂಗ್ಟನ್ನಿಗೆ ಅಂಟಿಕೊಂಡ ಉತ್ತರ ವರ್ಜೀನಿಯಾಕ್ಕೆ ಮನೆ ಬದಲಿಸಿದೆ. ಆ ವರ್ಷ ತೆರಿಗೆಯ ಕೊನೆಯ ದಿನ ಏಪ್ರಿಲ್ 18ಕ್ಕೆ ಹೋಗಿತ್ತು. 16ನೇ ತಾರೀಕು ವಾಷಿಂಗ್ಟನ್ನಿನಲ್ಲಿ ವಿಮೋಚನಾ ದಿನ. ಅದು ಶನಿವಾರ ಬಿದ್ದದ್ದರಿಂದ ಶುಕ್ರವಾರವೇ ರಜೆ. ರಾಜಧಾನಿಗೆ ರಜೆಯಾದರೆ ತೆರಿಗೆಯ ಮಟ್ಟಿಗೆ ಇಡೀ ದೇಶಕ್ಕೇ ರಜೆಯಿದ್ದಂತೆ. ಮೂರು ದಿನ ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಯಾರ ವಿಮೋಚನೆ ಎಂದು ಕೇಳಲಿಲ್ಲ. ಆ ವಾರದಲ್ಲಿ ನಮ್ಮಂಥವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಕೇಳಿದ್ದು ಎರಡು ವರ್ಷದ ನಂತರ. 1862ರ ಏಪ್ರಿಲ್ 16ರಂದು ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕಿದರು. ರಾಜಧಾನಿಯಲ್ಲಿದ್ದ ಸುಮಾರು 3,100 ಗುಲಾಮರು ಅದರಿಂದ ಬಿಡುಗಡೆಯಾದರು. ಹೆಸರಾಂತ ವಿಮೋಚನಾ ಘೋಷಣೆ ಬಂದದ್ದು ಇನ್ನೂ ಎಂಟೂವರೆ ತಿಂಗಳ ಮೇಲೆ. ಕಾಯಿದೆಯಲ್ಲಿ ಪರಿಹಾರವೂ ಇತ್ತು, ತಲೆಗೆ ಸರಾಸರಿ 300 ಡಾಲರ್ ಮೀರದಂತೆ. ಅದು ಹೋದದ್ದು ಯಜಮಾನರಿಗೆ. ಬಿಡುಗಡೆಯಾದವರಿಗೂ ಒಂದು ಮೊತ್ತ ಇತ್ತು, 100 ಡಾಲರ್‌ವರೆಗೆ, ಆದರೆ ಅವರು ದೇಶ ಬಿಟ್ಟು ಹೋಗಲು ಒಪ್ಪಿದರೆ ಮಾತ್ರ.

ಯಜಮಾನರು ಸಲ್ಲಿಸಿದ ಅರ್ಜಿಗಳು ಉಳಿದಿವೆ. ಹೆಸರು, ವಯಸ್ಸು, ಮೈಬಣ್ಣ, ಮಾಲೀಕತ್ವ ಬಂದ ಬಗೆ, ಕೇಳುವ ಬೆಲೆ. ಪ್ರತಿಗಳನ್ನು ನೋಡಿದ ಕೂಡಲೇ ನನಗೆ ಪರಿಚಯವಾಯಿತು. ಇಂಥದ್ದನ್ನು ನಾನು ಇಪ್ಪತ್ತು ವರ್ಷದಿಂದ ತುಂಬಿಸುತ್ತಿದ್ದೇನೆ. ನಮ್ಮಲ್ಲಿ ಇದಕ್ಕೆ ಸ್ಥಿರಾಸ್ತಿ ನೋಂದಣಿ ಎನ್ನುತ್ತಾರೆ. ಬೆಲೆ ಕಟ್ಟಲು ಪರಿಣತ ಬೇಕಲ್ಲ? ಸರ್ಕಾರ ಬಾಲ್ಟಿಮೋರ್‌ನಿಂದ ಒಬ್ಬ ಗುಲಾಮರ ವ್ಯಾಪಾರಿಯನ್ನೇ ಕರೆಸಿತು. 930 ಅರ್ಜಿಗಳು ಪೂರ್ತಿಯಾಗಿಯೋ ಭಾಗಶಃವೋ ಮಂಜೂರಾದವು. ಲೆಕ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಆಡಿಟರ್ ಆಗಿ ಹೋಗಿದ್ದರೆ ನಾನು ತಕರಾರಿಲ್ಲದೆ ಸಹಿ ಹಾಕುತ್ತಿದ್ದೆನೇನೋ. ಆ ಯೋಚನೆ ಬಂದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಲೆಕ್ಕ ಶುರುವಾದದ್ದು ಎಲ್ಲಿ ಎಂದು ಹಿಂದಕ್ಕೆ ಹೋದರೆ ಸಿಗುವುದು 1783. ದೇಶಕ್ಕೆ ಇನ್ನೂ ಸಂವಿಧಾನ ಇಲ್ಲ. ಒಕ್ಕೂಟದ ಖಜಾನೆಗೆ ಯಾವ ರಾಜ್ಯ ಎಷ್ಟು ಕೊಡಬೇಕು ಎಂಬ ಚರ್ಚೆ. ಜನಸಂಖ್ಯೆಯ ಮೇಲೆ ಹಂಚೋಣ ಎಂದಾಗ ದಕ್ಷಿಣದವರು, ಗುಲಾಮರು ಆಸ್ತಿ, ಅವರನ್ನು ತಲೆ ಲೆಕ್ಕಕ್ಕೆ ಹಿಡಿಯಬೇಡಿ ಎಂದರು. ಉತ್ತರದವರು ಹಿಡಿಯಲೇಬೇಕೆಂದರು. ಅರ್ಧ, ಮುಕ್ಕಾಲು ಎಂದು ಸಂತೆಯ ಚೌಕಾಸಿ ನಡೆದು, ಕೊನೆಗೆ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಐದರಲ್ಲಿ ಮೂರು ಎಂದರು. ಎಲ್ಲ ರಾಜ್ಯಗಳೂ ಒಪ್ಪದೆ ಪ್ರಸ್ತಾಪ ಬಿದ್ದುಹೋಯಿತು, ಅನುಪಾತ ಮಾತ್ರ ಉಳಿಯಿತು.

ನಾಲ್ಕು ವರ್ಷದ ಮೇಲೆ, 1787ರಲ್ಲಿ, ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕುಳಿತಾಗ ಪ್ರಶ್ನೆ ತಿರುಗಿತ್ತು: ಸಂಸತ್ತಿನಲ್ಲಿ ಯಾರಿಗೆ ಎಷ್ಟು ಸ್ಥಾನ? ಈಗ ದಕ್ಷಿಣ ಕ್ಯಾರೊಲೈನಾದ ಪ್ರತಿನಿಧಿಗಳು ಗುಲಾಮರನ್ನು ಪೂರ್ತಿ ಎಣಿಸಿ ಎಂದರು. ಉತ್ತರದ ಕೆಲವರು, ನಿಮ್ಮ ಆಸ್ತಿಗೆ ಸ್ಥಾನ ಕೊಡುವುದಾದರೆ ನಮ್ಮ ದನಕರುಗಳಿಗೂ ಕೊಡಿ ಎಂಬ ಧಾಟಿಯಲ್ಲಿ ಕೇಳಿದರು. ಕೊಡುವಾಗ ಆಸ್ತಿ, ಪಡೆಯುವಾಗ ಮನುಷ್ಯ. ಗುಲಾಮನನ್ನು ಐದರಲ್ಲಿ ಮೂರು ಪಾಲು ಮನುಷ್ಯ ಎಂದು ಇಳಿಸಿದ ನಿಯಮ ಇದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ವ್ಯವಹಾರ ಅದಕ್ಕಿಂತ ಜಾಣತನದ್ದು: ಮತ ಹಾಕಲಾಗದ ಆ ಮೂರು ಪಾಲಿನ ಬಲ ಯಜಮಾನನ ಮತಕ್ಕೆ ಸೇರುತ್ತಿತ್ತು. ಪ್ರತಿಯಾಗಿ ನೇರ ತೆರಿಗೆಯನ್ನೂ ಅದೇ ಅನುಪಾತದಲ್ಲಿ ಕೊಡುವುದೆಂದು ಬರೆದುಕೊಂಡರು. ಆದರೆ ನೇರ ತೆರಿಗೆ ಹಾಕಿದ್ದು ತೀರ ಅಪರೂಪ, ಸ್ಥಾನಗಳು ಮಾತ್ರ ಪ್ರತಿ ಚುನಾವಣೆಯಲ್ಲೂ ಸಿಕ್ಕವು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯಾದ ಗುಲಾಮರ ಒಡೆಯರು. ಅದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು ಕಾರಣ.

ಅದೇ ಸಭೆಯಲ್ಲಿ ಇನ್ನೆರಡು ರಾಜಿಗಳಾದವು. ಓಡಿಹೋದ ಗುಲಾಮರನ್ನು ಬೇರೆ ರಾಜ್ಯಗಳು ಹಿಂತಿರುಗಿಸಬೇಕು. ಆಫ್ರಿಕಾದಿಂದ ಜನರನ್ನು ತರುವುದನ್ನು 1808ರವರೆಗೆ ಸಂಸತ್ತು ನಿಷೇಧಿಸುವಂತಿಲ್ಲ, ತಲೆಗೆ 10 ಡಾಲರ್ ಮೀರದ ಸುಂಕ ಹಾಕಬಹುದು. ಈ ಗಡುವನ್ನು ದಕ್ಷಿಣ ಕ್ಯಾರೊಲೈನಾ ಹೇಗೆ ಬಳಸಿತು ನೋಡಿ. ತಾನೇ ನಿಲ್ಲಿಸಿದ್ದ ವ್ಯಾಪಾರವನ್ನು 1803ರ ಕೊನೆಯಲ್ಲಿ ಮತ್ತೆ ತೆರೆಯಿತು. ಬಾಗಿಲು ಮುಚ್ಚುವ ಮುನ್ನದ ನಾಲ್ಕು ವರ್ಷಗಳಲ್ಲಿ ಸುಮಾರು 40,000 ಜನರನ್ನು ಚಾರ್ಲ್‌ಸ್ಟನ್ನಿನಲ್ಲಿ ಇಳಿಸಲಾಯಿತು. ಕೊನೆಯ ದಿನ ಹತ್ತಿರವಾದಾಗ ಜನ ಏನು ಮಾಡುತ್ತಾರೆಂದು ನನಗೆ ವೃತ್ತಿಯಿಂದಲೇ ಗೊತ್ತು. ಚಾರ್ಲ್‌ಸ್ಟನ್ನಿನ ಗ್ಯಾಡ್ಸ್‌ಡನ್ ಧಕ್ಕೆಯಿದ್ದ ಜಾಗದಲ್ಲಿ ಈಗ ಆಫ್ರಿಕನ್ ಅಮೆರಿಕನ್ನರ ವಸ್ತುಸಂಗ್ರಹಾಲಯವಿದೆ, 2023ರಲ್ಲಿ ತೆರೆದದ್ದು. ಶಾರ್ಲಟ್‌ನಲ್ಲಿದ್ದಾಗ ಮಕ್ಕಳೊಂದಿಗೆ ನಾವು ಆ ಊರಿಗೆ ಹೋಗುತ್ತಿದ್ದದ್ದು ಸಮುದ್ರ ನೋಡಲು, ಬಣ್ಣದ ಮನೆಗಳ ಮುಂದೆ ಫೋಟೋ ತೆಗೆಸಿಕೊಳ್ಳಲು.

1820ರ ಮಿಸೌರಿ ರಾಜಿಯನ್ನು ಶಾಲೆಯಲ್ಲಿ ನನ್ನ ಮಗಳೂ ಓದಿದ್ದಾಳೆ. ಮಿಸೌರಿ ಗುಲಾಮಗಿರಿಯ ರಾಜ್ಯ, ಮೇನ್ ಮುಕ್ತ ರಾಜ್ಯ, ಎರಡೂ ಕಡೆ 12. ಪಶ್ಚಿಮದ ಭೂಪಟದ ಮೇಲೆ ಒಂದು ಗೆರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

1850ರದ್ದು ಹಾಗಲ್ಲ, ಅದರಲ್ಲಿ ನಾನು ವಾಸಮಾಡಿದ ಮೂರೂ ಊರುಗಳ ಪಾಲಿದೆ. ಮೆಕ್ಸಿಕೋದಿಂದ ಗೆದ್ದ ನೆಲ ಯಾರದು ಎಂಬ ಜಗಳ. 72 ವರ್ಷದ ಹೆನ್ರಿ ಕ್ಲೇ ರಾಜಿಯ ಕರಡು ತಂದರು. ದಕ್ಷಿಣ ಕ್ಯಾರೊಲೈನಾದ ಕ್ಯಾಲ್‌ಹೂನ್ ವಿರೋಧಿಸಿ ಬರೆದ ಭಾಷಣವನ್ನು ಓದುವಷ್ಟು ಶಕ್ತಿಯೂ ಅವರಿಗಿರಲಿಲ್ಲ. ಇನ್ನೊಬ್ಬ ಸೆನೆಟರ್ ಓದಿದರು. ತಿಂಗಳು ಮುಗಿಯುವುದರೊಳಗೆ ಕ್ಯಾಲ್‌ಹೂನ್ ತೀರಿಕೊಂಡರು. ಕ್ಲೇ ಅವರ ಒಟ್ಟು ಮಸೂದೆ ಬಿದ್ದುಹೋಗಿ, ಸ್ಟೀಫನ್ ಡಗ್ಲಸ್ ಅದನ್ನು ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಬಹುಮತ ಹೊಂದಿಸಿದರು. ಕ್ಯಾಲಿಫೋರ್ನಿಯಾ ಮುಕ್ತ ರಾಜ್ಯ. ಗಡಿ ಬಿಟ್ಟುಕೊಟ್ಟ ಟೆಕ್ಸಸ್‌ಗೆ ಸಾಲ ತೀರಿಸಲು 1 ಕೋಟಿ ಡಾಲರ್. ವಾಷಿಂಗ್ಟನ್ನಿನಲ್ಲಿ ಗುಲಾಮರ ವ್ಯಾಪಾರ ಬಂದ್. ವ್ಯಾಪಾರ ಬಂದ್ ಅಷ್ಟೆ, ಗುಲಾಮಗಿರಿಯಲ್ಲ. ಪೊಟೊಮ್ಯಾಕ್ ನದಿಯಾಚೆಯ ಅಲೆಕ್ಸಾಂಡ್ರಿಯಾ 1846ರಲ್ಲೇ ರಾಜಧಾನಿಯಿಂದ ಬಿಟ್ಟು ವರ್ಜೀನಿಯಾಕ್ಕೆ ಮರಳಿತ್ತು; ವ್ಯಾಪಾರ ಹೊಳೆ ದಾಟಿತು. ಡ್ಯೂಕ್ ಬೀದಿಯ ಆ ಗುಲಾಮರ ಮಂಡಿ ಈಗ ಪುಟ್ಟ ಸಂಗ್ರಹಾಲಯ. ನಾನು ಕಾಫಿಗೆ ಹೋಗುವ ಜಾಗದಿಂದ ನಡೆದು ಹೋಗುವ ದೂರ.

ಈ ರಾಜಿಗೆ ದಕ್ಷಿಣ ಪಡೆದ ಬೆಲೆ, ಓಡಿಹೋದ ಗುಲಾಮರನ್ನು ಹಿಡಿಯುವ ಹೊಸ ಕಾಯಿದೆ. ಹಿಡಿದು ತಂದವನಿಗೆ ಜ್ಯೂರಿ ಇಲ್ಲ, ತನ್ನ ಪರವಾಗಿ ಸಾಕ್ಷಿ ಹೇಳುವ ಹಕ್ಕಿಲ್ಲ. ಕಮಿಷನರ್ ಒಬ್ಬ ತೀರ್ಮಾನಿಸುತ್ತಾನೆ. ಅವನು ಗುಲಾಮನೇ ಎಂದರೆ ಕಮಿಷನರಿಗೆ 10 ಡಾಲರ್ ಶುಲ್ಕ. ಅಲ್ಲ ಎಂದರೆ 5 ಡಾಲರ್. ಹೌದು ಎಂದರೆ ಕಾಗದಪತ್ರದ ಕೆಲಸ ಜಾಸ್ತಿ ಎಂಬುದು ಕೊಟ್ಟ ಸಮಜಾಯಿಷಿ. ಇಂಥ ಸಮಜಾಯಿಷಿಗಳನ್ನು ಓದಿ ಓದಿ ನನ್ನ ಕಣ್ಣು ಸೋತಿವೆ.

ಇದು ಯಾರ ಮೇಲೆ ಬಿತ್ತು? ಜಾರ್ಜಿಯಾದ ಮೇಕನ್ ಊರಿನ ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ದಂಪತಿಯನ್ನು ನೋಡಿ. ಎಲೆನ್‌ಳ ತಂದೆ ಅವಳ ತಾಯಿಯ ಯಜಮಾನನೇ, ಹಾಗಾಗಿ ಬಿಳಿಯಳಂತೆ ಕಾಣುತ್ತಿದ್ದಳು. 1848ರ ಡಿಸೆಂಬರ್‌ನಲ್ಲಿ ಅವಳು ಕೂದಲು ಕತ್ತರಿಸಿ, ಟೋಪಿ, ಬಣ್ಣದ ಕನ್ನಡಕ ಹಾಕಿ ಕಾಯಿಲೆಯ ಜಮೀನ್ದಾರನಾದಳು. ಗಂಡ ಅವನ ಆಳು. ಬಲಗೈಗೆ ಜೋಳಿಗೆ ಕಟ್ಟು, ಏಕೆಂದರೆ ಹೋಟೆಲಿನ ಪುಸ್ತಕದಲ್ಲಿ ಸಹಿ ಮಾಡಲು ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮೇಕನ್‌ನಿಂದ ಸವಾನಾ, ಚಾರ್ಲ್‌ಸ್ಟನ್, ಉತ್ತರ ಕ್ಯಾರೊಲೈನಾದ ವಿಲ್ಮಿಂಗ್ಟನ್, ವಾಷಿಂಗ್ಟನ್, ಬಾಲ್ಟಿಮೋರ್. ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ. ಜಾರ್ಜಿಯಾ, ಕ್ಯಾರೊಲೈನಾ, ವಾಷಿಂಗ್ಟನ್: ನಾನು ಸಂಬಳ ಹೆಚ್ಚಿದಂತೆಲ್ಲ ಹತ್ತಾರು ವರ್ಷಗಳಲ್ಲಿ ಮನೆ ಬದಲಿಸುತ್ತಾ ಬಂದ ದಾರಿಯನ್ನು ಅವರು ನಾಲ್ಕೇ ದಿನದಲ್ಲಿ ದಾಟಿದ್ದರು. ಬಾಸ್ಟನ್‌ನಲ್ಲಿ ನೆಲೆಯಾದರು. 1850ರಲ್ಲಿ ರಾಜಿ ಆಯಿತು, ದೇಶ ಉಳಿಯಿತೆಂದು ವಾಷಿಂಗ್ಟನ್ನಿನಲ್ಲಿ ಸಂಭ್ರಮ. ಒಂದೇ ತಿಂಗಳಲ್ಲಿ ಮೇಕನ್‌ನಿಂದ ಇಬ್ಬರು ವಾರಂಟ್ ಹಿಡಿದು ಬಾಸ್ಟನ್ನಿಗೆ ಬಂದರು. ಊರಿನವರು ದಂಪತಿಯನ್ನು ಬಚ್ಚಿಟ್ಟು ಕಾಪಾಡಿದರೂ, ಇಬ್ಬರೂ ದೇಶವನ್ನೇ ಬಿಟ್ಟು ಇಂಗ್ಲೆಂಡಿಗೆ ಹಡಗು ಹತ್ತಬೇಕಾಯಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಇಲ್ಲಿ ಗಂಡಹೆಂಡಿರು ರಾಜಿಯಾದಾಗ ಕೂಸಿಗೆ ಪೆಟ್ಟು.

ಆ ಡಿಸೆಂಬರ್‌ನಲ್ಲಿ ಜಾರ್ಜಿಯಾ ತನ್ನ ಅಂದಿನ ರಾಜಧಾನಿ ಮಿಲೆಜ್‌ವಿಲ್‌ನಲ್ಲಿ ಸಭೆ ಸೇರಿ ರಾಜಿಗೆ ಒಪ್ಪಿತು, ಷರತ್ತಿನೊಂದಿಗೆ: ಹಿಡಿಯುವ ಕಾಯಿದೆ ನಿಷ್ಠೆಯಿಂದ ಜಾರಿಯಾಗಬೇಕು, ಇಲ್ಲದಿದ್ದರೆ ಒಕ್ಕೂಟ ಉಳಿಯದು. ಈ ಒಪ್ಪಿಗೆಯ ಹಿಂದಿದ್ದವರು ಅಲೆಕ್ಸಾಂಡರ್ ಸ್ಟೀಫನ್ಸ್, ರಾಬರ್ಟ್ ಟೂಂಬ್ಸ್, ಹೋವೆಲ್ ಕಾಬ್. ಹತ್ತು ವರ್ಷದ ನಂತರ ಒಡೆದ ದಕ್ಷಿಣದಲ್ಲಿ ಸ್ಟೀಫನ್ಸ್ ಉಪಾಧ್ಯಕ್ಷ, ಟೂಂಬ್ಸ್ ವಿದೇಶಾಂಗ ಮಂತ್ರಿ, ಕಾಬ್ ತಾತ್ಕಾಲಿಕ ಸಂಸತ್ತಿನ ಅಧ್ಯಕ್ಷ. ಅಟ್ಲಾಂಟದಿಂದ ಅಗಸ್ಟಾದ ಕಡೆಗೆ ಹೋಗುವ ಹೆದ್ದಾರಿಯ ಬಳಿ ಕ್ರಾಫರ್ಡ್‌ವಿಲ್‌ನಲ್ಲಿ ಸ್ಟೀಫನ್ಸ್ ಮನೆ ಇದೆ, ಸುತ್ತ ಅವರ ಹೆಸರಿನ ಉದ್ಯಾನ. ಕನ್ನಡ ಕುಟುಂಬಗಳೆಲ್ಲ ಸೇರಿ ಒಮ್ಮೆ ಅಲ್ಲಿಗೆ ಪಿಕ್ನಿಕ್ ಹೋಗಿದ್ದೆವು, ಚಿತ್ರಾನ್ನ ಕಟ್ಟಿಕೊಂಡು. ಕರಿಯರು ಬಿಳಿಯರಿಗೆ ಸಮರಲ್ಲ ಎಂಬುದೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದು 1861ರಲ್ಲಿ ಸವಾನಾದಲ್ಲಿ ಸಾರಿದ ವ್ಯಕ್ತಿ ಅವರು ಎಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಮುಂದಿನದು ಇಳಿಜಾರು. 1854ರಲ್ಲಿ ಮಿಸೌರಿಯ ಗೆರೆ ಅಳಿಸಿದರು, 1857ರಲ್ಲಿ ಡ್ರೆಡ್ ಸ್ಕಾಟ್ ತೀರ್ಪು ಬಂತು, 1860ರ ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲೈನಾ ಹೊರನಡೆಯಿತು. ಆಗಲೂ ರಾಜಿಯ ಆಸೆ ಬಿಡಲಿಲ್ಲ. 1861ರ ಫೆಬ್ರುವರಿಯಲ್ಲಿ ಶ್ವೇತಭವನಕ್ಕೆ ಹತ್ತಿರದ ವಿಲ್ಲರ್ಡ್ ಹೋಟೆಲಿನಲ್ಲಿ 21 ರಾಜ್ಯಗಳ ಪ್ರತಿನಿಧಿಗಳು ಮೂರು ವಾರಕ್ಕೂ ಹೆಚ್ಚು ಕೂತರು. ಮಾರ್ಚ್‌ನಲ್ಲಿ ಸಂಸತ್ತು ಒಂದು ತಿದ್ದುಪಡಿಯನ್ನೇ ಅಂಗೀಕರಿಸಿತು: ರಾಜ್ಯಗಳೊಳಗಿನ ಗುಲಾಮಗಿರಿಯನ್ನು ಸಂಸತ್ತು ಎಂದೆಂದಿಗೂ ಮುಟ್ಟುವಂತಿಲ್ಲ. ಕೆಳಮನೆಯಲ್ಲಿ 133ಕ್ಕೆ 65, ಸೆನೆಟ್‌ನಲ್ಲಿ 24ಕ್ಕೆ 12. ಮೂರರಲ್ಲಿ ಎರಡು ಪಾಲಿನ ಗೆರೆ ಹೇಗೋ ಮುಟ್ಟಿಸಿದ್ದರು. ಲಿಂಕನ್ ಕೂಡ ತಮ್ಮ ಮೊದಲ ಭಾಷಣದಲ್ಲಿ ಆಕ್ಷೇಪವಿಲ್ಲ ಎಂದರು. ರಾಜ್ಯಗಳು ಒಪ್ಪಿದ್ದರೆ ಅದೇ 13ನೇ ತಿದ್ದುಪಡಿಯಾಗುತ್ತಿತ್ತು. ಏಪ್ರಿಲ್ 12ರಂದು ಚಾರ್ಲ್‌ಸ್ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ತೋಪು ಹಾರಿತು. ಗುಲಾಮಗಿರಿಯನ್ನು ತೆಗೆದುಹಾಕಿದ ನಿಜವಾದ 13ನೆಯದು ಬಂದದ್ದು 1865ರಲ್ಲಿ.

ರಾಜಿಗಳಿಲ್ಲದೆ ದೇಶವೇ ಇರುತ್ತಿರಲಿಲ್ಲ, 1850ರ ರಾಜಿ ಉತ್ತರಕ್ಕೆ ರೈಲು, ಕಾರ್ಖಾನೆ, ಜನಬಲ ಬೆಳೆಸಿಕೊಳ್ಳಲು ಹತ್ತು ವರ್ಷ ಕೊಟ್ಟಿತು ಎಂಬ ವಾದ ಇದೆ. ಅದನ್ನು ತಳ್ಳಿಹಾಕುವಷ್ಟು ಧೈರ್ಯ ನನಗಿಲ್ಲ. ಆದರೆ ಬಾಕಿಯನ್ನು ಮುಂದಕ್ಕೆ ತಂದಾಗ ಬಡ್ಡಿ ಯಾರ ಹೆಸರಿಗೆ ಬಿತ್ತು ಎಂದು ನೋಡುವುದು ನನ್ನ ಕಸುಬು. 1790ರ ಜನಗಣತಿಯಲ್ಲಿ ಗುಲಾಮರು ಸುಮಾರು 7 ಲಕ್ಷ. 1860ರಲ್ಲಿ 39 ಲಕ್ಷಕ್ಕೂ ಹೆಚ್ಚು. ಈ ಎಪ್ಪತ್ತು ವರ್ಷಗಳ ಯಾವ ಮಾತುಕತೆಯ ಮೇಜಿನಲ್ಲೂ ಅವರ ಕಡೆಯವರೊಬ್ಬರು ಕೂತಿರಲಿಲ್ಲ.

ಇಷ್ಟನ್ನು ಬರೆದು ಮುಗಿಸಿದ್ದರೆ ಬೇರೆಯವರ ಮನೆಯ ಲೆಕ್ಕ ತಪಾಸಣೆ ಮಾಡಿದಂತಾಗುತ್ತಿತ್ತು. ನಮ್ಮದು ತೀರ್ಥಹಳ್ಳಿ ಕಡೆಯ ಅಡಕೆ ತೋಟ. ನಮ್ಮ ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆ ಇದ್ದುದನ್ನು ಲೂಯಿಸ್ ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಮನೆಯಲ್ಲಿ ಹುಟ್ಟಿದವನು ಹುಟ್ಟಾಳು. ಜಮೀನಿನೊಂದಿಗೇ ಕೈ ಬದಲಾಗುವವನು ಮಣ್ಣಾಳು. ಅವರು ಹೊಲೆಯರು, ಒಡೆಯರಲ್ಲಿ ಹೆಚ್ಚಿನವರು ನಮ್ಮ ಜಾತಿಯವರು. ಆ ಪದಗಳು ಹೋದ ಮೇಲೂ ಜೀತ ಉಳಿಯಿತು. 1976ರ ಕಾಯಿದೆ ಜೀತದ ಸಾಲಗಳನ್ನೆಲ್ಲ ರದ್ದು ಮಾಡಿತು. ಆ ವರ್ಷ ನಮ್ಮಜ್ಜ ಒಬ್ಬ ಆಳಿನ ಸಾಲ ಬಿಟ್ಟುಕೊಟ್ಟರು ಎಂಬುದು ಮನೆಯಲ್ಲಿ ಹೆಮ್ಮೆಯಿಂದ ಹೇಳುವ ಕತೆ. ನಾನೂ ಅದನ್ನು ಮಕ್ಕಳಿಗೆ ಹೇಳಿದ್ದೇನೆ.

ಅಜ್ಜನ ಖಾತೆ ಪುಸ್ತಕ ಅಟ್ಟದಲ್ಲಿರಬೇಕು, ನೋಡಿ ಎಂದು ಕಳೆದ ತಿಂಗಳು ಅಪ್ಪನಿಗೆ ಫೋನ್ ಮಾಡಿದೆ. ಗೆದ್ದಲು ಬಿಟ್ಟ ಪುಟದ ಫೋಟೋ ಬಂತು. 1958ರಲ್ಲಿ ಮದುವೆಗೆ ಕೊಟ್ಟದ್ದು 150 ರೂಪಾಯಿ. ಆಮೇಲೆ ಭತ್ತ, ಕಂಬಳಿ, ಮಗುವಿನ ಔಷಧಿ. ಪ್ರತಿ ದೀಪಾವಳಿಗೂ ಬಾಕಿ ಮುಂದಕ್ಕೆ. ಕೊನೆಯಲ್ಲಿ 412 ರೂಪಾಯಿ, ಅದರ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ‘ವಜಾ’. ಹದಿನೆಂಟು ವರ್ಷದ ದುಡಿಮೆ ಬರೆಯಬೇಕಿದ್ದ ಜಮಾ ಬದಿ ಮೇಲಿಂದ ಕೆಳಗಿನವರೆಗೆ ಖಾಲಿ.

ಅವನ ಮನೆಯವರು ಈಗ ಎಲ್ಲಿದ್ದಾರೆ ಎಂದು ಅಪ್ಪನನ್ನು ಕೇಳಿದೆ. ಮಗ ಪೇಟೆಯಲ್ಲಿ ಆಟೋ ಓಡಿಸುತ್ತಾನೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಯಾಕೆ ಎಂದರು. ಈ ಸಲದ ತೆರಿಗೆ ಕೆಲಸ ಮುಗಿದ ಮೇಲೆ ಊರಿಗೆ ಬರುತ್ತೇನೆ, ಆ ಪುಸ್ತಕ ಹಾಗೇ ಇಟ್ಟಿರಿ ಎಂದೆ.