ಅರಿಶಿನ, ಬಿಸಿಲು ಮತ್ತು ಸಕ್ಕರೆ ಕಾಯಿಲೆ

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಮಾತು ಬಾರದ ಮನೆ ಅಪರೂಪ. ಅರಿಶಿನದ ಡಬ್ಬಿ ಇಲ್ಲದ ಮನೆಯಂತೂ ಇಲ್ಲವೇ ಇಲ್ಲ. ಅರಿಶಿನ, ನೆಲ್ಲಿಕಾಯಿಗಳ ಲೇಪವಿದ್ದರೆ ಮಧುಮೇಹಿಗಳ ಚರ್ಮಕ್ಕೆ ಬಿಸಿಲಿನ ಭಯವಿಲ್ಲ ಎಂದು ಹೇಳುವವರೂ ನಮ್ಮ ನಡುವೆ ಇದ್ದಾರೆ. ಇದನ್ನು ಕಣ್ಣು ಮುಚ್ಚಿ ನಂಬಬೇಕೆ, ಅಥವಾ ಅಜ್ಜಿಯ ಮದ್ದೆಂದು ತಳ್ಳಿಬಿಡಬೇಕೆ? ಈ ಪ್ರಶ್ನೆಯನ್ನು ಎದುರಿಸುವ ಬಗೆಯನ್ನು ನಮ್ಮ ನಗರದ ಇತಿಹಾಸದಿಂದಲೇ ಕಲಿಯಬಹುದು.

ಪರೇಲಿನ ಹಾಫ್ಕಿನ್ ಸಂಸ್ಥೆ 1896ರ ಪ್ಲೇಗಿನ ಕಾಲದಲ್ಲಿ ಒಂದು ಚಿಕ್ಕ ಪ್ರಯೋಗಾಲಯವಾಗಿ ಹುಟ್ಟಿತು. 1899ರಲ್ಲಿ ಹಳೆಯ ಗವರ್ನರರ ಬಂಗಲೆಯಲ್ಲಿ ನೆಲೆಸಿತು. ಅಲ್ಲಿ ಔಷಧಶಾಸ್ತ್ರದ ಕೆಲಸದಲ್ಲಿದ್ದ ಜೆಸುಯಿಟ್ ಪಾದ್ರಿ ಫಾದರ್ ಕೇಯಸ್ ಅವರು ಡಾ. ಮ್ಹಸ್ಕರರ ಜೊತೆಗೂಡಿ ನಾಡಮದ್ದುಗಳನ್ನು ಒರೆಗೆ ಹಚ್ಚಿದರು. ಮಧುನಾಶಿನಿಯ ಎಲೆ ಜಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯದಷ್ಟೆ. ಪ್ರಾಣಿಗಳಲ್ಲಿ ಅದು ರಕ್ತದ ಸಕ್ಕರೆಯನ್ನೂ ಇಳಿಸುತ್ತದೆಂದು ಅವರು 1930ರಲ್ಲಿ ವರದಿ ಮಾಡಿದರು. ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಮುನ್ನೂರಕ್ಕೂ ಹೆಚ್ಚು ಸಸ್ಯಗಳನ್ನು ಅದೇ ಜೋಡಿ ಪರೀಕ್ಷಿಸಿ, ಒಂದೂ ಫಲಕಾರಿಯಲ್ಲವೆಂದು 1931ರಲ್ಲಿ ಸಾರಿತು. ಎರಡೂ ಕಡೆ ಅವರು ಬಳಸಿದ ಒರೆಗಲ್ಲು ಒಂದೇ.

ಅರಿಶಿನದ ಸರದಿ ಬಂದದ್ದು ತಡವಾಗಿ, ಅದೂ ಕಾನೂನಿನ ಅಂಗಳದಲ್ಲಿ. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆಂದು 1995ರ ಮಾರ್ಚಿಯಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿತು. ಆಗ ಪರಿಷತ್ತಿನ ಮುಖ್ಯಸ್ಥರಾಗಿದ್ದವರು ಡಾ. ರಘುನಾಥ ಮಾಶೇಲ್ಕರ್. ಅವರು ಕನ್ನಡಿಗರಿಗೆ ಚಿರಪರಿಚಿತವಾದ ಮಾಟುಂಗಾದಲ್ಲಿ, ಯು.ಡಿ.ಸಿ.ಟಿ.ಯಲ್ಲಿ ಓದಿದವರು. ಹಳೆಯ ಸಂಸ್ಕೃತ ಗ್ರಂಥಗಳ ಜೊತೆಗೆ ಭಾರತೀಯ ವೈದ್ಯ ಸಂಘದ ಪತ್ರಿಕೆಯ 1953ರ ಲೇಖನವೂ ಸಾಕ್ಷಿಯಾಯಿತು. 1997ರಲ್ಲಿ ಪೇಟೆಂಟ್ ಕಚೇರಿ ಆ ಹಕ್ಕುಗಳನ್ನು ತಳ್ಳಿಹಾಕಿತು. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ.

ಆದರೆ ಆ ತೀರ್ಪು ಹೇಳಿದ್ದೇನು? ಈ ವಿದ್ಯೆ ಹೊಸದಲ್ಲ ಎಂದಷ್ಟೆ. ಮಧುಮೇಹಿಯ ಗಾಯ ಅರಿಶಿನದಿಂದ ಮಾಯುತ್ತದೆಂದಾಗಲಿ, ಬಿಸಿಲಿಗೆ ಅದು ತಡೆಯೆಂದಾಗಲಿ ಅದು ಹೇಳಲಿಲ್ಲ. ನಮ್ಮದು ಎಂಬ ಮಾತು ಬೇರೆ, ಗುಣಕಾರಿ ಎಂಬ ಮಾತು ಬೇರೆ.

ಇನ್ನು ವಿಜ್ಞಾನದ ಮಾತು. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಅದು ಚರ್ಮದ ಕೊಲಾಜೆನ್ ಎಂಬ ನಾರಿಗೆ ಅಂಟಿಕೊಂಡು ಅದನ್ನು ಬಿರುಸಾಗಿಸುತ್ತದೆ. ಹೀಗೆ ಕೆಟ್ಟ ನಾರಿನ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಜೀವಕೋಶಗಳನ್ನು ಕೆಡಿಸುವ ಉಗ್ರ ಆಮ್ಲಜನಕ ಕಣಗಳು ಹುಟ್ಟುತ್ತವೆ. ಅರಿಶಿನದ ಕರ್ಕ್ಯುಮಿನ್, ನೆಲ್ಲಿ ಮತ್ತು ಚಹಾ ಎಲೆಯ ಒಗರು ಸತ್ವಗಳು ಇಂಥ ಕಣಗಳನ್ನು ತಣಿಸಬಲ್ಲವು. ಇದು ಪ್ರಯೋಗಾಲಯದಲ್ಲಿ ಕಂಡ ಸತ್ಯ. ಆದರೆ ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಚ್ಚಿದ್ದು ಬೆಳಕಿಗೇ ಒಡೆದುಹೋಗುತ್ತದೆ. ಬಿಳಿ ಪಂಚೆಯ ಮೇಲಿನ ಅರಿಶಿನದ ಕಲೆ ಬಿಸಿಲಲ್ಲಿ ಒಣಗಿಸಿದರೆ ಮಾಸುವುದನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಬಿಸಿಲಿಗೆ ತಾನೇ ಕರಗುವ ಬಣ್ಣವನ್ನು ಕೊಡೆಯೆಂದು ನೆಚ್ಚುವುದು ಹೇಗೆ?

ಆದ್ದರಿಂದ ಅರಿಶಿನ ಸಾರಿನಲ್ಲಿರಲಿ, ಹಬ್ಬದ ದಿನ ಕೆನ್ನೆಯ ಮೇಲೂ ಇರಲಿ. ಮಧುಮೇಹವಿದ್ದವರು ನಡುಹಗಲು ಹೊರಬೀಳುವಾಗ ಕೊಡೆ, ತುಂಬುತೋಳಿನ ಅಂಗಿ ಬಿಡಬಾರದು. ಮೋಡವಿದ್ದರೂ ಈ ಕಿರಣಗಳು ನುಸುಳಿ ಬರುತ್ತವೆ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್‌ನಂಥ ಕೆಲವು ಮಾತ್ರೆಗಳಿಂದ ಚರ್ಮ ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗುವುದುಂಟು. ಹಾಗೆಂದು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಕಾಲಿನಲ್ಲಿ ಸಣ್ಣ ಹುಣ್ಣು ಕಂಡರೂ ಅರಿಶಿನ ಮೆತ್ತಿ ವಾರ ಕಾಯಬಾರದು. ಮಧುಮೇಹಿಗೆ ಅಲ್ಲಿ ನೋವು ತಿಳಿಯದೆ ಇರಬಹುದು, ತಡವಾದರೆ ಕಾಲೇ ಹೋದೀತು.

ತೊಂಬತ್ತು ವರ್ಷಗಳ ಹಿಂದೆಯೇ ಪರೇಲಿನಲ್ಲಿ ಮದ್ದಿನ ಗಿಡಗಳನ್ನು ಪ್ರೀತಿಯಿಂದ ಸಂಗ್ರಹಿಸಿ, ನಿಷ್ಠುರವಾಗಿ ಪರೀಕ್ಷಿಸಿದರು. ಹಿರಿಯರ ಮದ್ದಿಗೆ ನಾವು ಸಲ್ಲಿಸಬಹುದಾದ ಗೌರವವೂ ಅದೇ.