'ಶೀ' ಎಂಬ ಇಂಗ್ಲಿಷ್ ಸರ್ವನಾಮ ಮತ್ತು ಚೀನೀ ಭಾಷಿಕರು: ಒಂದು ಚಾರಿತ್ರಿಕ ಟಿಪ್ಪಣಿ

ಇಂಗ್ಲಿಷನ್ನು ನಿರರ್ಗಳವಾಗಿ ಬಲ್ಲ ಚೀನೀ ಭಾಷಿಕರೂ ತಮ್ಮ ತಾಯಿಯ ವಿಷಯ ಹೇಳುತ್ತಿರುವಾಗ ಒಮ್ಮೊಮ್ಮೆ 'ಶೀ' ಎನ್ನುವ ಬದಲು 'ಹೀ' ಎಂದುಬಿಡುವುದು ಬೋಧಕರಿಗೆ ಪರಿಚಿತ ಸಂಗತಿ. ಇದನ್ನು ವ್ಯಾಕರಣದ ಅಜ್ಞಾನವೆಂದು ಬದಿಗೊತ್ತುವುದು ಸರಿಯಲ್ಲ. ಬರೆಹದಲ್ಲಿ ಈ ಭೇದವನ್ನು ಅವರು ಬಾಲ್ಯದಿಂದಲೇ ಬಲ್ಲರು. ಈ ವೈರುಧ್ಯದ ಮೂಲ ಚರಿತ್ರೆಯಲ್ಲಿದೆ.

ಪ್ರಮಾಣ ಚೀನೀಯ 'ಥಾ' ಎಂಬ ಒಂದೇ ಧ್ವನಿ ಅವನು, ಅವಳು, ಅದು ಮೂರಕ್ಕೂ ಸಲ್ಲುತ್ತದೆ. 1823ರ ತಮ್ಮ ಇಂಗ್ಲಿಷ್ ವ್ಯಾಕರಣದಲ್ಲಿ ರಾಬರ್ಟ್ ಮಾರಿಸನ್ 'ಥಾ' ಪದಕ್ಕೆ ಗಂಡು, ಹೆಣ್ಣು, ವಸ್ತು ಎಂಬ ಪದಗಳನ್ನು ಜೋಡಿಸಿ ಇಂಗ್ಲಿಷಿನ ಮೂರು ಸರ್ವನಾಮಗಳನ್ನು ವಿವರಿಸಬೇಕಾಯಿತು. (ಇದೇ ಮಾರಿಸನ್‌ರ ಚೀನೀ ವ್ಯಾಕರಣ 1815ರಲ್ಲಿ ಅಚ್ಚಾದದ್ದು ಸೆರಾಂಪುರದಲ್ಲಿ, ಎರಡು ವರ್ಷಗಳ ಬಳಿಕ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವೂ ಅಲ್ಲಿಂದಲೇ ಹೊರಬಂದಿತು. ಕೇರಿಯವರಿಗೆ ಈ ತೊಡಕಿರಲಿಲ್ಲ.)

ಸಮಸ್ಯೆ ತೀವ್ರವಾದುದು ಯುರೋಪಿನ ಕಥೆ, ನಾಟಕಗಳ ಅನುವಾದದಲ್ಲಿ. ಹೆಣ್ಣನ್ನು ಸೂಚಿಸಲು ಸ್ತ್ರೀಸೂಚಕ ಅಂಗವುಳ್ಳ ಬೇರೆ ಅಕ್ಷರವಿರಲೆಂದು ಲಿಯು ಬಾನ್‌ನುಂಗ್ ಸೂಚಿಸಿದರು. ಆದರೆ ಅದರ ಅಚ್ಚುಮೊಳೆಗಳನ್ನು ಹೊಸದಾಗಿ ಎರಕ ಹೊಯ್ಯಿಸುವುದು ಕಷ್ಟವಾಗಿ, ಝೌ ಝುವೊರೆನ್ 1918ರಲ್ಲಿ 'ಥಾ' ಅಕ್ಷರದ ಮಗ್ಗುಲಲ್ಲಿ 'ಹೆಣ್ಣು' ಎಂಬುದನ್ನು ಕಿರಿದಾಗಿ ಅಚ್ಚುಹಾಕಿಸಿದರು. ಬೇರೆ ಧ್ವನಿಯುಳ್ಳ 'ಯೀ' ಎಂಬ ಪದವೂ ಸ್ಪರ್ಧೆಯಲ್ಲಿತ್ತು. ಲೂ ಶುನ್‌ರ ಆರಂಭದ ಕಥೆಗಳಲ್ಲಿ ಕಾಣುವುದು ಅದೇ. 1920ರಲ್ಲಿ ಲಂಡನ್ನಿನಿಂದ ಬರೆದ ಲೇಖನದಲ್ಲಿ ಲಿಯು ತಮ್ಮ ಅಕ್ಷರವನ್ನು ಸಮರ್ಥಿಸಿಕೊಂಡರಲ್ಲದೆ ಉಚ್ಚಾರಣೆಯಲ್ಲೂ ಕೊಂಚ ವ್ಯತ್ಯಾಸವಿರಲೆಂದರು. ಅಕ್ಷರ ನೆಲೆಯೂರಿತು, ಉಚ್ಚಾರಣೆಯ ಸಲಹೆ ಬಿದ್ದುಹೋಯಿತು. ಮಾನವಸೂಚಕ ಅಂಗ ಗಂಡಿನ ಪಾಲಿಗೇ ಉಳಿದುದನ್ನು ಕೆಲವು ಮಹಿಳೆಯರು ಆಕ್ಷೇಪಿಸಿದರು. ಆ ಆಕ್ಷೇಪ ಈಗಲೂ ಹಳತಾಗಿಲ್ಲವೆಂದೇ ನನ್ನ ಎಣಿಕೆ.

ನನ್ನ ದೃಷ್ಟಿಯಲ್ಲಿ 'ಯೀ'ಯ ಸೋಲೇ ಇಲ್ಲಿ ನಿರ್ಣಾಯಕ. ಅದು ಗೆದ್ದಿದ್ದರೆ ಭೇದ ಕಿವಿಗೂ ಮುಟ್ಟುತ್ತಿತ್ತು. ಗೆದ್ದ ಅಕ್ಷರ ಅನುವಾದಕನ ತೊಡಕನ್ನು ಕಳೆಯಿತೇ ಹೊರತು ಮಾತುಗಾರನಿಗೆ ಹೊಸ ಪದವನ್ನೇನೂ ಕೊಡಲಿಲ್ಲ. ಮಾತಿನ ವೇಗದಲ್ಲಿ ಲಿಂಗವನ್ನು ಆಯ್ದುಕೊಳ್ಳುವ ಅಭ್ಯಾಸ ಚೀನೀ ಭಾಷಿಕರ ನಾಲಗೆಗೆ ಎಂದೂ ಬೇಕಾಗಿರಲಿಲ್ಲ. ಕನ್ನಡಿಗರಿಗಾದರೋ ಅವನು–ಅವಳು ಭೇದ ಕ್ರಿಯಾಪದದಲ್ಲೂ ಮರುಕಳಿಸುತ್ತದೆ: ಬಂದನು, ಬಂದಳು.

ಆ ಅಕ್ಷರವನ್ನು ಜನಪ್ರಿಯಗೊಳಿಸಿದುದು ಲಿಯು 1920ರಲ್ಲೇ ಬರೆದ ಪ್ರೇಮಕವಿತೆ. 1926ರಲ್ಲಿ ಅದಕ್ಕೆ ರಾಗ ಹಾಕಿದವರು ಭಾಷಾವಿಜ್ಞಾನಿ ಚಾವ್ ಯುಯೆನ್ ರೆನ್. ಹಾಡಿದಾಗ ಅಲ್ಲಿನ 'ಥಾ' ಅವನೋ ಅವಳೋ ಎಂಬುದು ಕೇಳುಗನಿಗೆ ತಿಳಿಯುವುದಿಲ್ಲ.